ಮೊದಲ ಮ್ಯಾರಥಾನ್‌ಗೆ ಇಪ್ಪತ್ತೆರಡು ವಾರ: ಮೊದಲು ನಿಧಾನವಾಗಿ ಓಡಲು ಕಲಿಯಿರಿ

ಪ್ರಶ್ನೆ: ನನಗೆ 41 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಎರಡು ವರ್ಷಗಳಿಂದ ಓಡುತ್ತಿದ್ದೇನೆ. ಆರು ಬಾರಿ 10 ಕಿ.ಮೀ. ಓಟಗಳಲ್ಲಿ ಭಾಗವಹಿಸಿದ್ದೇನೆ, ಒಮ್ಮೆ ಅರ್ಧ ಮ್ಯಾರಥಾನನ್ನು 2 ಗಂಟೆ 31 ನಿಮಿಷದಲ್ಲಿ ಮುಗಿಸಿದ್ದೇನೆ. ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನ ಪೂರ್ತಿ 42 ಕಿ.ಮೀ. ಓಡುವ ಆಸೆ. ಈಗ ವಾರಕ್ಕೆ ಸುಮಾರು 20 ಕಿ.ಮೀ. ಓಡುತ್ತೇನೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ವೇಗವಾಗಿ ಓಡಲು ನೋಡುತ್ತೇನೆ. ಆದರೂ ಆರು ತಿಂಗಳಿಂದ ಸುಧಾರಣೆ ಇಲ್ಲ, ಬಲ ಮಂಡಿಯ ಹೊರಬದಿ ಆಗಾಗ ನೋಯುತ್ತದೆ. ನಾವು ಸಸ್ಯಾಹಾರಿಗಳು. "ಈ ವಯಸ್ಸಿನಲ್ಲಿ ಮಂಡಿ ಸವೆಸಿಕೊಳ್ಳಬೇಡ, ಹೆಂಗಸರಿಗೆ ಅಷ್ಟು ದೂರ ಆಗುವಂಥದ್ದಲ್ಲ" ಎನ್ನುತ್ತಾರೆ ಅತ್ತೆ. ಇನ್ನು ಇಪ್ಪತ್ತೆರಡು ವಾರಗಳಿವೆ. ಸಾಧ್ಯವೇ? ಹೇಗೆ ತಯಾರಾಗಲಿ?

ಉತ್ತರ: ಸಾಧ್ಯ. ಅರ್ಧ ಮ್ಯಾರಥಾನ್ ಮುಗಿಸಿದವರಿಗೆ ಇಪ್ಪತ್ತೆರಡು ವಾರ ಸಾಕಷ್ಟು ಕಾಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಂಡಿಯ ಮಾತಲ್ಲ, "ಪ್ರತಿ ಸಲವೂ ಹಿಂದಿನ ಸಲಕ್ಕಿಂತ ವೇಗವಾಗಿ" ಎಂಬ ಮಾತು. ಇಪ್ಪತ್ತು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಓಟಗಾರರ ಕಾಲುಗಳನ್ನು ನೋಡುತ್ತಿದ್ದೇನೆ, ನಾನೂ ಓಡುತ್ತೇನೆ. ಮೊದಲ ಮ್ಯಾರಥಾನ್‌ಗೆ ತಯಾರಾಗುವಾಗ ಅರ್ಧದಲ್ಲೇ ಕೈಬಿಟ್ಟವರಲ್ಲಿ ಹೆಚ್ಚಿನವರು ಕಡಿಮೆ ಓಡಿ ಸೋತವರಲ್ಲ. ನಿಧಾನವಾಗಿ ಓಡಬೇಕಾದ ದಿನಗಳಲ್ಲೂ ಜೋರಾಗಿ ಓಡಿ ಗಾಯ ಮಾಡಿಕೊಂಡವರು.

ಅತ್ತೆಯವರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮನೆಯಲ್ಲಿ ಈ ಪ್ರಶ್ನೆ ಬಗೆಹರಿಯದೆ ಬೆಳಗಿನ ನಾಲ್ಕೂವರೆಗೆ ಎದ್ದು ಹೊರಡುವುದು ಕಷ್ಟ. ಓಟ ಮತ್ತು ಮಂಡಿ ಸವೆತದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಕಂಡದ್ದು ಶೇ 3.5ರಷ್ಟು ಜನರಲ್ಲಿ. ಓಡದೆ ಕುಳಿತೇ ಇರುವವರಲ್ಲಿ ಅದು ಶೇ 10.2. ಸ್ಪರ್ಧೆಗಾಗಿಯೇ ಓಡುವವರಲ್ಲಿ ಮಾತ್ರ ಶೇ 13.3. ಮಂಡಿ ಗಟ್ಟಿ ಇರುವವರೇ ಓಟವನ್ನು ಮುಂದುವರಿಸುತ್ತಾರೆ ಎಂಬುದೂ ಈ ಅಂಕಿಗಳ ಹಿಂದೆ ಇರಬಹುದು, ಹಾಗಾಗಿ ಓಟವೇ ಮಂಡಿಗೆ ಔಷಧ ಎಂದು ನಾನು ಹೇಳುವುದಿಲ್ಲ. ಹದವಾಗಿ ಓಡಿದರೆ ಮಂಡಿ ಸವೆದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಇನ್ನು "ಹೆಂಗಸರಿಗೆ ಆಗುವಂಥದ್ದಲ್ಲ" ಎಂಬ ಮಾತನ್ನು ಒಂದು ಕಾಲಕ್ಕೆ ಇಡೀ ಕ್ರೀಡಾಲೋಕವೇ ಹೇಳುತ್ತಿತ್ತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಂದು ಜೋನ್ ಬೆನೋಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಗೆದ್ದರು. ಅತ್ತೆಯವರಿಗೆ ಇದನ್ನು ಹೇಳಿ, ವಾದಕ್ಕಾಗಿ ಬೇಡ, ಅವರ ಆತಂಕ ಇಳಿಯಲೆಂದು ಹೇಳಿ.

ಈಗ ನಿಧಾನದ ವಿಷಯ. ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟುಕೊಳ್ಳುತ್ತದೆ. ಒಟ್ಟು 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕ್ಯಾಲೊರಿ. ಒಂದು ಕಿ.ಮೀ. ಓಡಲು ದೇಹದ ಪ್ರತಿ ಕೆಜಿ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಬೇಕು. 60 ಕೆಜಿ ತೂಕದವರಿಗೆ 42 ಕಿ.ಮೀ.ಗೆ 2,500 ಕ್ಯಾಲೊರಿ ದಾಟುತ್ತದೆ. ಈ ಕೊರತೆಯನ್ನು ತುಂಬುವುದು ಕೊಬ್ಬು, ಮತ್ತು ದಾರಿಯಲ್ಲಿ ತಿಂದ ಆಹಾರ. ಕೊಬ್ಬು ನಿಧಾನವಾಗಿ ಉರಿಯುವ ಇಂಧನ. ಏದುಸಿರು ಬಿಡುತ್ತಾ ಓಡಿದರೆ ದೇಹ ಸಕ್ಕರೆಯನ್ನೇ ಸುಡುತ್ತದೆ, ಮಾತಾಡುತ್ತಾ ಓಡಿದರೆ ಕೊಬ್ಬಿನ ಪಾಲು ಹೆಚ್ಚುತ್ತದೆ. ಮೂವತ್ತು ಕಿ.ಮೀ. ದಾಟಿದ ಮೇಲೆ ಎಷ್ಟೋ ಜನ ಇದ್ದಕ್ಕಿದ್ದಂತೆ ಕಾಲು ಸೀಸವಾದಂತೆ ನಿಂತುಬಿಡುವುದು ಸಕ್ಕರೆ ಖಾಲಿಯಾದಾಗ.

ನನಗೂ ಹಾಗೇ ಆಗಿತ್ತು. ಮೊದಲ ಮ್ಯಾರಥಾನ್‌ನಲ್ಲಿ ಅರ್ಧ ದಾರಿಯನ್ನು ಎರಡು ಗಂಟೆಯೊಳಗೆ ಮುಗಿಸಿ ಬಹಳ ಹುರುಪಿನಲ್ಲಿದ್ದೆ. 33ನೇ ಕಿ.ಮೀ. ಫಲಕದ ಬಳಿ ತೊಡೆಗಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ರಸ್ತೆಯ ವಿಭಜಕದ ಮೇಲೆ ಕುಳಿತೆ. ಪಕ್ಕದ ಕಟ್ಟಡದಿಂದ ಬಂದಿದ್ದ ಅಜ್ಜಿಯೊಬ್ಬರು ಕಿತ್ತಳೆ ಸುಲಿದು, ಒಂದೊಂದೇ ತೊಳೆಗೆ ಉಪ್ಪು ಹಚ್ಚಿ ಕೊಟ್ಟರು. ಆ ಉಪ್ಪಿನ ರುಚಿ ಇಂದಿಗೂ ನಾಲಿಗೆಯ ಮೇಲಿದೆ. ಉಳಿದ ಒಂಬತ್ತು ಕಿ.ಮೀ.ಗೆ ಎರಡು ಗಂಟೆ ಹಿಡಿಯಿತು.

ಹಾಗಾದರೆ ನಿಮ್ಮ ನಿಧಾನ ಎಷ್ಟು? ಅರ್ಧ ಮ್ಯಾರಥಾನ್‌ನಲ್ಲಿ ನೀವು ಒಂದು ಕಿ.ಮೀ.ಗೆ 7 ನಿಮಿಷ 10 ಸೆಕೆಂಡು ತೆಗೆದುಕೊಂಡಿದ್ದೀರಿ. ಪೂರ್ತಿ ಓಟಕ್ಕೆ 7 ನಿಮಿಷ 45 ಸೆಕೆಂಡಿನ ಆಸುಪಾಸು ಸರಿಯಾದ ಗುರಿ, ಅಂದರೆ ಐದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಅಭ್ಯಾಸದ ಬಹುಪಾಲು ಓಟ ಇದಕ್ಕಿಂತಲೂ ನಿಧಾನವಾಗಿರಲಿ, ಕಿ.ಮೀ.ಗೆ 8 ನಿಮಿಷದಿಂದ 8 ನಿಮಿಷ 30 ಸೆಕೆಂಡು. ಗಡಿಯಾರಕ್ಕಿಂತ ಉಸಿರನ್ನು ನಂಬಿ. ನನ್ನ ಬಳಿ ಬರುವವರಿಗೆ ನಾನು ಹೇಳುವುದು, ಓಡುತ್ತಾ ಮನೆಯ ದಿನಸಿ ಪಟ್ಟಿಯನ್ನು ಗಟ್ಟಿಯಾಗಿ ಹೇಳಿ ಎಂದು: ತೊಗರಿಬೇಳೆ ಎರಡು ಕೆಜಿ, ಉದ್ದಿನಬೇಳೆ ಒಂದು ಕೆಜಿ, ಅವಲಕ್ಕಿ, ಕಡಲೆಹಿಟ್ಟು, ಇಂಗು. ಎರಡು ಸಾಮಾನಿನ ಹೆಸರುಗಳ ನಡುವೆ ಉಸಿರಿಗಾಗಿ ತಡವರಿಸಿದರೆ ಜೋರಾಗಿ ಓಡುತ್ತಿದ್ದೀರಿ ಎಂದರ್ಥ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚುರುಕಾಗಿ ನಡೆಯುವ ಹಿರಿಯರು ಕೆಲವೊಮ್ಮೆ ನಿಮ್ಮನ್ನು ದಾಟಿ ಹೋಗಬಹುದು. ಮೊದಲ ಎರಡು ವಾರ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಆಮೇಲೆ ಹೋಗುತ್ತದೆ.

ನಿಧಾನಕ್ಕೆ ಇನ್ನೊಂದು ಕಾರಣವಿದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುಗಳು ಮತ್ತು ಮೂಳೆಗಳು ಒಗ್ಗಲು ತಿಂಗಳುಗಳು ಬೇಕು. ಮೂಳೆ ಗಟ್ಟಿಯಾಗುವ ಮೊದಲು ಹಳೆಯ ಭಾಗ ಕರಗಿ ಹೊಸದು ಕಟ್ಟಿಕೊಳ್ಳುತ್ತದೆ, ಆ ನಡುವಿನ ಕಾಲದಲ್ಲಿ ಅದು ಮೊದಲಿಗಿಂತ ತುಸು ದುರ್ಬಲವಾಗಿರುತ್ತದೆ. ಹೊಸ ಓಟಗಾರರಿಗೆ ಅಕ್ಟೋಬರ್ ಹೊತ್ತಿಗೆ "ಉಸಿರಿಗೆ ಏನೂ ಕಷ್ಟವಿಲ್ಲ, ಇನ್ನೂ ಓಡಬಲ್ಲೆ" ಅನ್ನಿಸುವಾಗಲೇ ಮಂಡಿಯ ಕೆಳಗಿನ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುವುದು ಇದರಿಂದ.

ನಿಮ್ಮ ಮಂಡಿ ನೋವಿಗೆ ಬರುತ್ತೇನೆ. ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಎದುರಿನ ವಾಹನ ಕಾಣಲೆಂದು ರಸ್ತೆಯ ಬಲ ಅಂಚಿನಲ್ಲೇ ಓಡುತ್ತೀರಾ? ಸುರಕ್ಷತೆಗೆ ಅದೇ ಸರಿ. ಆದರೆ ನೀರು ಹರಿದುಹೋಗಲೆಂದು ನಮ್ಮ ರಸ್ತೆಗಳ ನಡು ಉಬ್ಬಿದ್ದು, ಅಂಚುಗಳು ಇಳಿಜಾರಾಗಿರುತ್ತವೆ. ಬಲ ಅಂಚಿನಲ್ಲಿ ಬಲಗಾಲು ಪ್ರತಿ ಹೆಜ್ಜೆಗೂ ಎಡಗಾಲಿಗಿಂತ ತಗ್ಗಿನಲ್ಲಿ ಬೀಳುತ್ತದೆ. ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಉದ್ದನೆಯ ಪಟ್ಟಿಯೊಂದಿದೆ. ತಗ್ಗಿನ ಕಾಲಿನಲ್ಲಿ ಅದರ ಮೇಲೆ ಎಳೆತ ಹೆಚ್ಚಿ, ಮಂಡಿಯ ಹೊರಬದಿ ಕೆರಳುತ್ತದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹತ್ತಿ ಇಳಿಯುವ ಅಭ್ಯಾಸವಿದ್ದರೆ, ಇಳಿಯುವಾಗ ನೋವು ಹೆಚ್ಚಾದರೆ, ಅನುಮಾನ ಇನ್ನೂ ಬಲವಾಗುತ್ತದೆ. ಆರು ವಾರ ಬೆಟ್ಟ ಬೇಡ. ಕೆರೆಯ ಸಮತಟ್ಟಾದ ಮಣ್ಣಿನ ಹಾದಿಗೆ ಬನ್ನಿ, ಒಂದು ದಿನ ಪ್ರದಕ್ಷಿಣೆಯಾಗಿ ಓಡಿದರೆ ಇನ್ನೊಂದು ದಿನ ಅಪ್ರದಕ್ಷಿಣೆಯಾಗಿ ಓಡಿ. ಜೊತೆಗೆ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ, ಸೊಂಟ ಮತ್ತು ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಿ: ಮಗ್ಗುಲಲ್ಲಿ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಒಂದೇ ಕಾಲಿನ ಮೇಲೆ ಏಳುವುದು. ಇಡೀ ದಿನ ಕೌಂಟರಿನ ಹಿಂದೆ ಕೂರುವವರಿಗೆ ಸೊಂಟದ ಬಲವೇ ಮೊದಲು ಕುಂದುತ್ತದೆ.

ನೋವನ್ನು ಅಳೆಯುವ ಲೆಕ್ಕ ಸರಳ. ಹತ್ತರಲ್ಲಿ ಮೂರರೊಳಗಿನ ನೋವು, ಓಡುತ್ತಾ ಕಡಿಮೆಯಾಗುವಂಥದ್ದು, ಮರುದಿನ ಬೆಳಿಗ್ಗೆ ಉಳಿಯದಂಥದ್ದು ಪರವಾಗಿಲ್ಲ. ಹೆಜ್ಜೆ ಹಾಕುವ ರೀತಿಯನ್ನೇ ಬದಲಿಸುವ ನೋವಿದ್ದರೆ ಅಂದಿನ ಓಟ ಅಲ್ಲಿಗೇ ಮುಗಿಯಿತು. ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ಚುಚ್ಚುವ ನೋವಿದ್ದರೆ ವೈದ್ಯರನ್ನು ಕಾಣದೆ ಮತ್ತೆ ಓಡಬೇಡಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಬೆವರಿ ಬಸವಳಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಮುಂಬೈಯಲ್ಲಿ ಓಟದ ದಿನವೂ ಈ ಮಾತು ನೆನಪಿರಲಿ.

ವಾರಕ್ಕೆ ನಾಲ್ಕು ಓಟ ಸಾಕು. ಎರಡು ಚಿಕ್ಕವು, ಒಂದು ಮಧ್ಯಮ, ಒಂದು ದೀರ್ಘ. ಮೊದಲ ಆರು ವಾರಗಳಲ್ಲಿ ವಾರದ ಮೊತ್ತವನ್ನು 20ರಿಂದ 30 ಕಿ.ಮೀ.ಗೆ ತನ್ನಿ, ಎಲ್ಲವೂ ದಿನಸಿ ಪಟ್ಟಿಯ ವೇಗದಲ್ಲೇ. ಮೂರು ವಾರ ಏರಿಸಿ, ನಾಲ್ಕನೆಯ ವಾರ ಮೂರನೇ ಒಂದು ಭಾಗ ಇಳಿಸಿ. ದಸರಾ ವಾರವನ್ನು ಇಂಥ ಇಳಿಕೆಯ ವಾರವಾಗಿಯೇ ಇಟ್ಟುಕೊಳ್ಳಿ. ಮೈಸೂರಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮನೆ ತುಂಬ ನೆಂಟರು, ನಿದ್ದೆಯೂ ಕಡಿಮೆ. ಎರಡನೇ ಮತ್ತು ನಾಲ್ಕನೇ ಶನಿವಾರ ನಿಮಗೆ ರಜೆಯಿದೆಯಲ್ಲ, ಆ ವಾರಗಳಲ್ಲಿ ದೀರ್ಘ ಓಟವನ್ನು ಶನಿವಾರವೇ ಮುಗಿಸಿ, ಭಾನುವಾರ ಪೂರ್ತಿ ವಿಶ್ರಾಂತಿ ಪಡೆಯಿರಿ. ನಿಮ್ಮ ಕೆಲಸದ ಮಟ್ಟಿಗೆ ಇದು ದೊಡ್ಡ ಅನುಕೂಲ.

ದೀರ್ಘ ಓಟ 12 ಕಿ.ಮೀ.ಯಿಂದ ಶುರುವಾಗಿ ನವೆಂಬರ್ ಕೊನೆಗೆ 24, ಡಿಸೆಂಬರ್‌ನಲ್ಲಿ 26ರಿಂದ 28ಕ್ಕೆ ಮುಟ್ಟಲಿ. ಹಲವು ವೇಳಾಪಟ್ಟಿಗಳಲ್ಲಿ 32 ಅಥವಾ 35 ಕಿ.ಮೀ. ಎಂದಿರುತ್ತದೆ. ಅದು ವೇಗವಾಗಿ ಓಡುವವರ ಲೆಕ್ಕ. ಅವರು ಮೂರು ಗಂಟೆಯಲ್ಲಿ ಮುಗಿಸುವ ದೂರಕ್ಕೆ ನಿಮಗೆ ನಾಲ್ಕೂವರೆ ಗಂಟೆ ಬೇಕು, ಅದರಿಂದ ಚೇತರಿಸಿಕೊಳ್ಳಲು ಹತ್ತು ದಿನ ಬೇಕು. ನಾಲ್ಕು ಗಂಟೆ ದಾಟುವ ಅಭ್ಯಾಸದ ಓಟ ನಿಮಗೆ ಲಾಭಕ್ಕಿಂತ ನಷ್ಟವನ್ನೇ ಹೆಚ್ಚು ತರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ದೀರ್ಘ ಓಟಗಳಲ್ಲಿ ಒಂಬತ್ತು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ, ಮೊದಲ ಕಿ.ಮೀ.ಯಿಂದಲೇ, ದಣಿವಾಗುವ ಮೊದಲೇ. ನಡೆದರೆ ಮ್ಯಾರಥಾನ್ ಆಗುವುದಿಲ್ಲ ಎಂದು ಭಾವಿಸಬೇಡಿ. ಈ ಕ್ರಮವನ್ನು ಅಮೆರಿಕದಲ್ಲಿ ಸಾಮಾನ್ಯ ಓಟಗಾರರಿಗೆ ಪರಿಚಯಿಸಿದ ಜೆಫ್ ಗ್ಯಾಲೊವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಡಿಸೆಂಬರ್‌ನ ಎರಡು ದೀರ್ಘ ಓಟಗಳ ಕೊನೆಯ ಆರು ಕಿ.ಮೀ.ಗಳನ್ನು ಮಾತ್ರ ಮುಂಬೈಯ ವೇಗದಲ್ಲಿ, ಅಂದರೆ 7 ನಿಮಿಷ 45 ಸೆಕೆಂಡಿನಲ್ಲಿ ಓಡಿ ನೋಡಿ. ಕೊನೆಯ ಮೂರು ವಾರ ದೂರವನ್ನು ಇಳಿಸುತ್ತಾ ಬನ್ನಿ.

ಮಳೆಗಾಲದಲ್ಲಿ ಜ್ವರ ಬಂದರೆ ಓಟ ಪೂರ್ತಿ ಬಂದ್. ಜ್ವರವಿರುವಾಗ ಓಡಿದರೆ ಹೃದಯದ ಸ್ನಾಯುವಿಗೆ ಉರಿಯೂತವಾಗುವ ಅಪಾಯವಿದೆ. ಡೆಂಗಿ ಬಂದುಹೋಗಿದ್ದರೆ ವೈದ್ಯರು ಸರಿ ಎನ್ನುವವರೆಗೆ ಕಾಯಿರಿ, ಎರಡು ವಾರ ತಪ್ಪಿದರೂ ಮುಂಬೈ ತಪ್ಪುವುದಿಲ್ಲ.

ಊಟದ ಬಗ್ಗೆ ಭಯ ಬೇಡ. ಅನ್ನ, ಮುದ್ದೆ, ಚಪಾತಿ, ಇಡ್ಲಿ ತಿನ್ನುವ ನಮ್ಮ ಮನೆಗಳಲ್ಲಿ ಓಟಕ್ಕೆ ಬೇಕಾದ ಪಿಷ್ಟಕ್ಕೆ ಕೊರತೆಯಿಲ್ಲ. ಕೊರತೆ ಬೀಳುವುದು ಪ್ರೋಟೀನಿಗೆ. ಮೂರೂ ಹೊತ್ತು ಕಾಳು, ಮೊಸರು, ಪನೀರ್ ಅಥವಾ ಸೋಯಾ ಇರುವಂತೆ ನೋಡಿಕೊಳ್ಳಿ. ನನಗೆ ಹೆಚ್ಚು ಚಿಂತೆ ಕಬ್ಬಿಣಾಂಶದ್ದು. ಆರು ತಿಂಗಳಿಂದ ಸುಧಾರಣೆಯಿಲ್ಲ ಎಂದಿರಿ. ಮುಟ್ಟಾಗುವ ವಯಸ್ಸಿನ ಸಸ್ಯಾಹಾರಿ ಓಟಗಾರ್ತಿ ಹೀಗೆಂದಾಗ ನಾನು ಮೊದಲು ಬರೆದುಕೊಡುವುದು ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣಾಂಶದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಸಂಗ್ರಹ ಬರಿದಾಗಿದೆ ಎಂದರ್ಥ, ವೈದ್ಯರನ್ನು ಕಂಡು ಮಾತ್ರೆ ತೆಗೆದುಕೊಳ್ಳಿ. ಊಟದ ಜೊತೆಗೇ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ದೂರವಿಡಿ, ಕಾಫಿ ಕಬ್ಬಿಣಾಂಶ ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಹೆಚ್ಚು ಸೇರುತ್ತದೆ.

ದೀರ್ಘ ಓಟದ ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ಡಿಸೆಂಬರ್ ಅವರೆಕಾಯಿಯ ಕಾಲ, ಹಿತಕಿದ ಬೇಳೆ ಸಾರು ತಿನ್ನದಿರಲು ಮನಸ್ಸು ಬರುವುದಿಲ್ಲ, ಆದರೆ ಮರುದಿನ 25 ಕಿ.ಮೀ. ಇದ್ದರೆ ಹೊಟ್ಟೆ ಉಬ್ಬರಿಸಿ ಹತ್ತನೇ ಕಿ.ಮೀ.ಯಲ್ಲೇ ಶೌಚಾಲಯ ಹುಡುಕಬೇಕಾಗುತ್ತದೆ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಒಳಗೆ ಹೋಗಬೇಕು. ಓಟಗಾರರಿಗೆಂದು ಅಂಗಡಿಯಲ್ಲಿ ಸಿಗುವ ಸಕ್ಕರೆ ಪಾಕದಂಥ ಜೆಲ್‌ನ ಒಂದು ಪೊಟ್ಟಣದಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಒಂದು ಬಾಳೆಹಣ್ಣು, ಅಡಿಕೆ ಗಾತ್ರದ ಎರಡು ಬೆಲ್ಲದ ಚೂರು ಸೇರಿದರೆ ಗಂಟೆಯ ಪಾಲು ಬಂದಂತೆ. ಯಾವುದಾದರೂ ಸರಿ, ಸೆಪ್ಟೆಂಬರ್‌ನಿಂದಲೇ ಓಡುತ್ತಾ ತಿಂದು ಹೊಟ್ಟೆಗೆ ಅಭ್ಯಾಸ ಮಾಡಿಸಿ. ಮುಂಬೈಯಲ್ಲಿ ಮೊದಲ ಬಾರಿಗೆ ಏನನ್ನೂ ತಿನ್ನಬೇಡಿ, ಹಾಕಬೇಡಿ, ತೊಡಬೇಡಿ.

ನೀರಿನ ವಿಷಯದಲ್ಲಿ ಎರಡೂ ಕಡೆಯ ತಪ್ಪು ಅಪಾಯವೇ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶದ ಮಟ್ಟ ಅಪಾಯದತ್ತ ಇಳಿದಿತ್ತು. ಓಟದ ಕೊನೆಗೆ ತೂಕ ಹೆಚ್ಚಿದ್ದವರಲ್ಲಿ, ಅಂದರೆ ಬೆವರಿಗಿಂತ ಹೆಚ್ಚು ಕುಡಿದವರಲ್ಲಿ ಮತ್ತು ನಾಲ್ಕು ಗಂಟೆಗೂ ಹೆಚ್ಚು ಓಡಿದವರಲ್ಲಿ ಇದು ಹೆಚ್ಚು. ನೀವು ಈ ಎರಡನೇ ಗುಂಪಿನಲ್ಲಿ ಇರುತ್ತೀರಿ. ಹಾಗಾಗಿ ನಿಮ್ಮ ಬೆವರಿನ ಲೆಕ್ಕ ನೀವೇ ಕಂಡುಕೊಳ್ಳಿ. ಓಟದ ಮೊದಲು ಮೂತ್ರ ಮಾಡಿ ತೂಕ ನೋಡಿ, ಮುಗಿದ ಮೇಲೆ ಬೆವರಿದ ಬಟ್ಟೆ ಬಿಚ್ಚಿ, ಮೈ ಒರೆಸಿ ಮತ್ತೆ ನೋಡಿ. ಒಂದು ಕೆಜಿ ಇಳಿದರೆ ಒಂದು ಲೀಟರ್ ಹೋಗಿದೆ, ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಓಟದ ಕೊನೆಗೆ ತೂಕ ಸ್ವಲ್ಪ ಇಳಿದಿರಬೇಕೇ ಹೊರತು ಏರಿರಬಾರದು. ಬಾಯಾರಿಕೆ ಆದಾಗ ಕುಡಿಯಿರಿ, ಬರೀ ನೀರಿನ ಜೊತೆಗೆ ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕವೂ ಇರಲಿ. ಮೈಸೂರಿನ ಚುಮುಚುಮು ಬೆಳಗಿನಲ್ಲಿ ಬಂದ ಲೆಕ್ಕ ಕಡಲ ದಂಡೆಯ ಮುಂಬೈಯಲ್ಲಿ ಹಾಗೇ ನಡೆಯುವುದಿಲ್ಲ, ಅಲ್ಲಿ ಬೆವರು ಆರದೆ ಮೈಗೆ ಅಂಟಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಒಂದೆರಡು ದೀರ್ಘ ಓಟಗಳನ್ನು ತಡವಾಗಿ ಶುರುಮಾಡಿ, ಕೊನೆಯ ಗಂಟೆ ಬಿಸಿಲಿನಲ್ಲಿ ಬರುವಂತೆ ನೋಡಿಕೊಳ್ಳಿ.

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿರುವ, ಹಾಕಿದ ಕ್ಷಣವೇ ಹಿತವೆನಿಸುವ ಜೋಡಿ ಸಾಕು. ನವೆಂಬರ್‌ನಲ್ಲಿ ಹೊಸದು ಕೊಂಡರೆ ಜನವರಿಗೆ ಪಳಗಿರುತ್ತದೆ. ಕಂಕುಳು, ತೊಡೆಯ ಸಂದು, ಒಳಉಡುಪಿನ ಪಟ್ಟಿ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ. ಐದು ಗಂಟೆಯ ಓಟದಲ್ಲಿ ಅಲ್ಲಿ ಚರ್ಮ ಕಿತ್ತುಬರುತ್ತದೆ.

ಮುಂಬೈ ಓಟ ಸಂಕ್ರಾಂತಿಯ ಬೆನ್ನಿಗೇ ಬರುತ್ತದೆ. ಎಳ್ಳು ಬೀರಲು ಹೋಗಿ, ಎಳ್ಳು ಬೆಲ್ಲ ತಿನ್ನಿ, ಆದರೆ ಕೊಬ್ಬರಿ, ಕಡಲೆಬೀಜ ತುಂಬಿದ ಆ ಬಟ್ಟಲುಗಳನ್ನು ಓಟದ ಹಿಂದಿನ ಎರಡು ದಿನ ಮುಟ್ಟಬೇಡಿ. ಶುಕ್ರವಾರ ಸಂಜೆಯೊಳಗೆ ಮುಂಬೈ ಸೇರಿ, ಎದೆಗೆ ಸಿಕ್ಕಿಸುವ ಸಂಖ್ಯೆಯ ಚೀಟಿ, ಅಂದರೆ ಬಿಬ್ ಪಡೆದುಕೊಂಡು ಬೇಗ ಕೊಠಡಿಗೆ ಮರಳಿ. ಶನಿವಾರ ಊರು ಸುತ್ತಬೇಡಿ.

ಓಟ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಸುತ್ತ ಸಾವಿರಾರು ಜನ, ವಾದ್ಯ, ಕೂಗು, ಎಲ್ಲರೂ ನಿಮ್ಮನ್ನು ದಾಟಿ ಓಡುತ್ತಿರುತ್ತಾರೆ. ಅಲ್ಲಿ ದಿನಸಿ ಪಟ್ಟಿ ಹೇಳಿಕೊಳ್ಳಿ. ಮೊದಲ 10 ಕಿ.ಮೀ. 8 ನಿಮಿಷದ ವೇಗದಲ್ಲಿ ಹೋದರೂ ನಷ್ಟವಿಲ್ಲ. ಮಾರ್ಗ ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದುಂಟು, ಆ ವರ್ಷದ ನಕ್ಷೆಯಲ್ಲಿ ಏರು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಮುಂಬೈಯಲ್ಲಿ ಓಡಿದವರನ್ನು ಕೇಳಿದರೆ ಪೆಡ್ಡರ್ ರಸ್ತೆಯ ಏರಿನ ಮಾತು ಬಂದೇ ಬರುತ್ತದೆ. ಕಾಲು ದಣಿದ ಮೇಲೆ ಎದುರಾಗುವ ಏರನ್ನು ನಡೆದೇ ಹತ್ತಿ. ಎದೆ ಬಿಗಿತ, ತಲೆಸುತ್ತು, ಬೆವರು ನಿಂತು ಚಳಿಯಾಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ವೈದ್ಯಕೀಯ ನೆರವಿನ ಜಾಗದಲ್ಲಿ ನಿಲ್ಲಿ.

ಈ ವಾರ ನೀವು ಮಾಡಬೇಕಾದದ್ದು ಮೂರು. ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ಮಾಡಿಸಿ. ರಕ್ತದೊತ್ತಡ ಮತ್ತು ಇ.ಸಿ.ಜಿ. ನೋಡಿಸಿ, ಮನೆತನದಲ್ಲಿ ಐವತ್ತು ತುಂಬುವ ಮೊದಲೇ ಯಾರಾದರೂ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ ವೈದ್ಯರಿಗೆ ಅದನ್ನು ಹೇಳಿ. ಬರುವ ಭಾನುವಾರ ಕುಕ್ಕರಹಳ್ಳಿಯ ಹಾದಿಯಲ್ಲಿ ಗಡಿಯಾರ ಬಿಚ್ಚಿಟ್ಟು 12 ಕಿ.ಮೀ. ಓಡಿ, ದಿನಸಿ ಪಟ್ಟಿ ಹೇಳುತ್ತಾ. ದಸರಾ ಮುಗಿದ ಮೇಲೆ ಮಂಡಿ ಹೇಗಿದೆ ಎಂದು ಬರೆಯಿರಿ. ಅಷ್ಟರೊಳಗೆ ನೋವು ಹೋಗಿರದಿದ್ದರೆ ದೂರವನ್ನು ಏರಿಸುವ ಮೊದಲು ಒಮ್ಮೆ ಬಂದು ತೋರಿಸಿ, ನೀವು ಓಡುವುದನ್ನು ನಾನು ಹಿಂದಿನಿಂದ ನೋಡಬೇಕು.